ಸತ್ಯಾಂಶ: ನೀರು ಕುಡಿಯೋದು ಬಿಟ್ಟರೆ ಓಟ ಜೋರಾಗುತ್ತಾ?

ಹಾಸನದಲ್ಲಿ ಸೇನೆಯ ಅಗ್ನಿವೀರ್ ಭರ್ತಿಗೆ ಬೆಳಬೆಳಗ್ಗೆ ಓಡುವ ಹುಡುಗರ ಮೊಬೈಲಿನಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ: "ಓಟದ ಹಿಂದಿನ ದಿನ ನೀರು ಕುಡಿಯೋದು ಬಿಡಿ, ಮೈ ಹಗುರಾಗುತ್ತದೆ."

ಇದು ತಪ್ಪು. ಹಗುರಾಗುವುದು ತಕ್ಕಡಿಯಲ್ಲಿ ಮಾತ್ರ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದ ಪ್ರಮಾಣ ಇಳಿಯುತ್ತದೆ, ಎದೆಬಡಿತ ಏರುತ್ತದೆ, ಬೇಗ ಸುಸ್ತು. ಬಿಸಿಲಿದ್ದರೆ ತಲೆ ಸುತ್ತಿ ಬೀಳಲೂಬಹುದು. ನಮ್ಮೂರ ಚಳಿಯಲ್ಲಿ ಬಾಯಾರಿಕೆ ಗೊತ್ತೇ ಆಗಲ್ಲ ಅಲ್ವಾ? ಮೂತ್ರದ ಬಣ್ಣ ನೋಡಿ. ಕಡು ಹಳದಿ ಇದ್ದರೆ ನೀರು ಸಾಲದು. ಹಾಗಂತ ಓಟಕ್ಕೆ ನಿಲ್ಲುವಾಗ ಚೊಂಬುಗಟ್ಟಲೆ ಕುಡಿಯೋದೂ ಬೇಡ.

ಭರ್ತಿಯಲ್ಲಿ 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ. ಅದು ಬರೋದು ತಿಂಗಳುಗಟ್ಟಲೆ ಓಡಿದ ಕಾಲಿಗೆ. ಇನ್ನು ಆಯ್ಕೆಯಾದ ಮೇಲೆ ಸೇನೆಯ ತರಬೇತಿಯಲ್ಲಿ ನಸುಕಿಗೇ ಏಳಬೇಕು. ಮಧ್ಯರಾತ್ರಿವರೆಗೆ ರೀಲ್ಸ್ ನೋಡುವ ಚಟವನ್ನು ಊರಲ್ಲೇ ಬಿಟ್ಟು ಹೋದವರಿಗೆ ಮೊದಲ ವಾರ ಅಷ್ಟು ಕಷ್ಟವಾಗಲ್ಲ.