ಆಪ್ಟಿಕ್ಸ್ ರೆಡಿ ಪಿಸ್ತೂಲು: ಕೊಳ್ಳುವ ಮುನ್ನ ಸ್ಲೈಡಿನ ಮೇಲ್ಭಾಗವನ್ನು ನೋಡಿ

ಇಲ್ಲಿ ಟೆಕ್ಸಾಸ್‌ನಲ್ಲಿ ನೆಲೆಸಿರುವ ಕನ್ನಡಿಗ ಸ್ನೇಹಿತರಲ್ಲಿ ಮೊದಲ ಪಿಸ್ತೂಲು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಗ್ಲಾಕ್ ಒಳ್ಳೆಯದೋ, ಸಿಗ್ ಸವರ್ ಒಳ್ಳೆಯದೋ? ಈ ಚರ್ಚೆಗೆ ವ್ಯಯಿಸುವ ಸಮಯದಲ್ಲಿ ಒಂದಿಷ್ಟನ್ನು ಸ್ಲೈಡಿನ (ನಳಿಗೆಯ ಮೇಲೆ ಹಿಂದೆಮುಂದೆ ಸರಿಯುವ ಲೋಹದ ಭಾಗದ) ಮೇಲಿನ ಮುಚ್ಚಳವನ್ನು ಬಿಚ್ಚಿಸಿ ನೋಡುವುದಕ್ಕೆ ಮೀಸಲಿಟ್ಟರೆ ಹೆಚ್ಚು ಪ್ರಯೋಜನವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹೆಸರಾಂತ ಕಂಪನಿಗಳ 9 ಮಿಲಿಮೀಟರ್ ಕಾಂಪ್ಯಾಕ್ಟ್ ಪಿಸ್ತೂಲುಗಳ ನಡುವೆ ಗುಂಡು ಹಾರಿಸುವ ಮೂಲ ಕೆಲಸದಲ್ಲಿ ಹೆಚ್ಚಿನ ಅಂತರವೇನೂ ಉಳಿದಿಲ್ಲ. ಅಂತರವಿರುವುದು ಅವು ಅಂಗೈಯಲ್ಲಿ ಕೂರುವ ಬಗೆಯಲ್ಲಿ ಮತ್ತು ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸಿ ಗುರಿಗೆ ನೆರವಾಗುವ ರೆಡ್ ಡಾಟ್ ಸೈಟನ್ನು ಸ್ಲೈಡ್ ಹಿಡಿದುಕೊಳ್ಳುವ ಬಗೆಯಲ್ಲಿ (ಅಂಥ ಸೈಟು ಕೂರಿಸಲು ಸ್ಲೈಡನ್ನು ಮೊದಲೇ ಕೊರೆದ ಪಿಸ್ತೂಲನ್ನು ಆಪ್ಟಿಕ್ಸ್ ರೆಡಿ ಎನ್ನುತ್ತಾರೆ). ಮೊದಲನೆಯದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಎರಡನೆಯದನ್ನು ಪರೀಕ್ಷಿಸುವವರು ಬಹಳ ಕಡಿಮೆ.

ಆಯ್ಕೆಗಿಂತ ಮೊದಲು ಕಾನೂನಿನ ಮಾತನ್ನು ಮುಗಿಸಿಬಿಡುತ್ತೇನೆ. ಎಚ್-1ಬಿಯಂತಹ ವಲಸೆಯೇತರ ವೀಸಾದ ಮೇಲೆ ಅಮೆರಿಕದಲ್ಲಿರುವವರು ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಹೊಂದುವುದನ್ನು ಇಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ರಾಜ್ಯವೊಂದು ನೀಡಿದ ಬೇಟೆ ಪರವಾನಗಿಯಂತಹ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಪರವಾನಗಿ ಪಡೆದ ಅಂಗಡಿಯಿಂದ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು, 4473 ಎಂಬ ನಮೂನೆಯನ್ನು ಭರ್ತಿ ಮಾಡಬೇಕು ಮತ್ತು ಹಿನ್ನೆಲೆ ಪರಿಶೀಲನೆಯಲ್ಲಿ ತೇರ್ಗಡೆಯಾಗಬೇಕು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯ ಸರ್ಕಾರದ ಪಟ್ಟಿಯಲ್ಲಿರುವ ಮಾದರಿಗಳನ್ನಷ್ಟೇ ಅಂಗಡಿಗಳು ಹೊಸದಾಗಿ ಮಾರಬಹುದಾದ್ದರಿಂದ ಅಲ್ಲಿರುವವರು ಬೇರೆ ರಾಜ್ಯದವರ ಶಿಫಾರಸುಗಳನ್ನು ನಂಬಿ ಪ್ರಯೋಜನವಿಲ್ಲ. ಊರಿಗೆ ಹೋಗಿಬರುವವರಿಗೆ ಇನ್ನೊಂದು ಎಚ್ಚರಿಕೆ: ಶೂಟಿಂಗ್ ರೇಂಜಿಗೆ ಒಯ್ಯುವ ಚೀಲವನ್ನು ವಿಮಾನ ಪ್ರಯಾಣಕ್ಕೆ ಎಂದಿಗೂ ಬಳಸಬೇಡಿ. ಭಾರತದಲ್ಲಿ 9 ಮಿಲಿಮೀಟರ್ ನಿಷೇಧಿತ ಬೋರ್ (ನಳಿಗೆಯ ಅಳತೆ) ಆಗಿದ್ದು, ಚೀಲದ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ತೋಟಾ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲಿ ಪ್ರಕರಣ ಎದುರಿಸಬೇಕಾಗಬಹುದು.

ಇನ್ನು ಗಾತ್ರದ ವಿಚಾರ. ಕಾಂಪ್ಯಾಕ್ಟ್ ಎಂದರೆ ಎಷ್ಟು ದೊಡ್ಡದು ಎಂಬುದಕ್ಕೆ ಇಂದಿಗೂ ಅಳತೆಗೋಲಾಗಿರುವುದು 1988ರಲ್ಲಿ ಬಂದ ಗ್ಲಾಕ್ 19. ಸುಮಾರು 102 ಮಿಲಿಮೀಟರ್ ಉದ್ದದ ನಳಿಗೆ ಮತ್ತು 15 ಗುಂಡುಗಳ ಮ್ಯಾಗಜೀನ್ ಇರುವ ಈ ಅಳತೆಯ ಸುತ್ತಲೇ ಸ್ಮಿತ್ ಅಂಡ್ ವೆಸನ್‌ನ ಎಂ ಅಂಡ್ ಪಿ 2.0 ಕಾಂಪ್ಯಾಕ್ಟ್, ಸಿಝಡ್ ಪಿ-10 ಸಿ ಮುಂತಾದವು ರೂಪುಗೊಂಡವು. 2018ರಲ್ಲಿ ಸಿಗ್ ಸವರ್ ಕಂಪನಿಯು ಪಿ365 ಎಂಬ ಪುಟ್ಟ ಪಿಸ್ತೂಲನ್ನು ತಂದು, ಅಷ್ಟು ಸಣ್ಣ ಹಿಡಿಯಲ್ಲಿ 10 ಗುಂಡುಗಳನ್ನು ಹಿಡಿಸಬಹುದೆಂದು ತೋರಿಸಿದ ಮೇಲೆ ಕೊಳ್ಳುವವರ ಒಲವು ಸಣ್ಣದರ ಕಡೆಗೆ ವಾಲಿತು. ಅದೇ ಸಾಲಿನಲ್ಲಿ ಸ್ವಲ್ಪ ಉದ್ದವಾದ ಪಿ365 ಎಕ್ಸ್‌ಎಲ್ ಮತ್ತು ತೆಳ್ಳಗಿನ ಗ್ಲಾಕ್ 43 ಎಕ್ಸ್ ಬಂದವು. ಉಡುಪಿನ ಒಳಗೆ ಮರೆಮಾಡಿ ಧರಿಸುವವರಿಗೆ ಇವು ಅನುಕೂಲವೆಂಬುದು ನಿಜ. ಆದರೆ ಪಿಸ್ತೂಲು ಹಗುರವಾದಷ್ಟೂ ಗುಂಡು ಹಾರಿದಾಗಿನ ಹಿಂದೊದೆತ ತೀಕ್ಷ್ಣವಾಗುತ್ತದೆ ಮತ್ತು ಹಿಡಿ ಚಿಕ್ಕದಾದಷ್ಟೂ ಎರಡನೆಯ ಕೈಗೆ ಜಾಗ ಕಡಿಮೆಯಾಗುತ್ತದೆ. ಆದ್ದರಿಂದ ಮೊದಲ ಪಿಸ್ತೂಲು ಗ್ಲಾಕ್ 19ರ ಗಾತ್ರದ್ದೇ ಆಗಿರಲಿ ಎಂದು ನಾನು ಹೇಳುತ್ತೇನೆ. ಇದಕ್ಕೆ ಒಂದು ಅಪವಾದವಿದೆ: ನ್ಯೂಜೆರ್ಸಿ, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳಂತೆ ಮ್ಯಾಗಜೀನಿಗೆ 10 ಗುಂಡುಗಳ ಮಿತಿಯಿರುವ ರಾಜ್ಯಗಳಲ್ಲಿ ದಪ್ಪ ಹಿಡಿಯ ದೊಡ್ಡ ಲಾಭವೊಂದು ಕೈತಪ್ಪುವುದರಿಂದ ಅಲ್ಲಿ ತೆಳ್ಳಗಿನ ಮಾದರಿಗಳ ಪರ ವಾದಿಸುವವರ ಮಾತಿನಲ್ಲಿ ಹುರುಳಿದೆ.

ಅಂಗೈಯ ಅಳತೆಯನ್ನು ನೋಡುವಾಗ ಗಮನಿಸಬೇಕಾದದ್ದು ತೋರುಬೆರಳಿನ ತುದಿ ಟ್ರಿಗರನ್ನು ಎಲ್ಲಿ ಮುಟ್ಟುತ್ತದೆ ಎಂಬುದನ್ನು. ಹಿಡಿಯನ್ನು ಸಡಿಲಿಸಿ ಕೈ ತಿರುಗಿಸದೆ ಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರಿನ ಮೇಲೆ ಕೂರಬೇಕು. ಈಗಿನ ಬಹುತೇಕ ಪಿಸ್ತೂಲುಗಳ ಜೊತೆಗೆ ಹಿಡಿಯ ಹಿಂಭಾಗದ ಬದಲಿ ತುಂಡುಗಳು ಬರುತ್ತವೆ. ಅಂಗಡಿಯವರನ್ನು ಕೇಳಿ ಅವುಗಳನ್ನು ಹಾಕಿಸಿಯೇ ನೋಡಬೇಕು. ಕಾಫಿ ತೋಟದ ಮನೆಗಳಲ್ಲಿ ಜೋಡು ನಳಿಗೆಯ ಕೋವಿಯನ್ನು ಕಂಡು ಬೆಳೆದ ಮಲೆನಾಡು, ಕೊಡಗಿನ ಕಡೆಯವರಿಗೆ ಶಸ್ತ್ರದ ಬಗ್ಗೆ ಇರಬೇಕಾದ ಗೌರವ ಚಿಕ್ಕಂದಿನಿಂದಲೇ ಬಂದಿರುತ್ತದೆ. ಆದರೆ ಭುಜಕ್ಕೆ ಒತ್ತಿ ಹಾರಿಸುವ ಕೋವಿಯ ಅಭ್ಯಾಸ ಪಿಸ್ತೂಲಿಗೆ ನೆರವಾಗುವುದು ಕಡಿಮೆ, ಏಕೆಂದರೆ ಪಿಸ್ತೂಲಿಗೆ ಅಂಗೈಯ ಹಿಡಿತದ ಹೊರತು ಬೇರೆ ಆಸರೆಯೇ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿನಲ್ಲಿ ರೆಡ್ ಡಾಟ್ ಕೂರುವುದು ಸ್ಲೈಡಿನ ಮೇಲೆ. ಪ್ರತಿ ಗುಂಡು ಹಾರಿದಾಗಲೂ ಸ್ಲೈಡ್ ರಭಸದಿಂದ ಹಿಂದಕ್ಕೆ ಹೋಗಿ, ತಟಕ್ಕನೆ ನಿಂತು, ಸ್ಪ್ರಿಂಗಿನ ಒತ್ತಡದಿಂದ ಮುಂದಕ್ಕೆ ಬಂದು ಬಡಿಯುತ್ತದೆ. ಸುಮಾರು 34 ಗ್ರಾಂ ತೂಗುವ ಟ್ರಿಜಿಕಾನ್ ಆರ್‌ಎಂಆರ್‌ನಂತಹ ಸೈಟು ಈ ಹೊಡೆತವನ್ನು ಪ್ರತಿ ಸಲವೂ ಎರಡು ದಿಕ್ಕಿನಿಂದ ತಾಳಬೇಕು. ಈ ಹೊಡೆತವನ್ನು ಸ್ಲೈಡಿನಲ್ಲಿ ಕೊರೆದ ಗುಂಡಿಯ ಅಂಚುಗಳು ಮತ್ತು ಅದರೊಳಗಿನ ಗೂಟಗಳು ಹೊತ್ತರೆ ಸ್ಕ್ರೂಗಳಿಗೆ ಸೈಟನ್ನು ಕೆಳಕ್ಕೆ ಬಿಗಿಹಿಡಿಯುವ ಕೆಲಸವಷ್ಟೇ ಉಳಿಯುತ್ತದೆ. ಗುಂಡಿ ಸಡಿಲವಾಗಿದ್ದರೆ ಎಲ್ಲ ಭಾರವೂ ಎರಡು ಪುಟ್ಟ ಸ್ಕ್ರೂಗಳ ಮೇಲೆ ಬೀಳುತ್ತದೆ. ಅವು ಮೊದಲು ಸಡಿಲವಾಗಿ, ಆಮೇಲೆ ತುಂಡಾಗುತ್ತವೆ.

ತೊಡಕಿಗೆ ಮೂಲ ಕಾರಣವೆಂದರೆ ಸೈಟುಗಳ ತಳಭಾಗಕ್ಕೆ ಒಂದೇ ಮಾನದಂಡ ಇಲ್ಲದಿರುವುದು. ಸ್ಕ್ರೂ ತೂತುಗಳ ಮತ್ತು ಗೂಟಗಳ ಈ ವಿನ್ಯಾಸಕ್ಕೆ ಫುಟ್‌ಪ್ರಿಂಟ್ ಎನ್ನುತ್ತಾರೆ. ಆರ್‌ಎಂಆರ್‌ನದು ಒಂದು, ಲ್ಯೂಪೋಲ್ಡ್ ಡೆಲ್ಟಾಪಾಯಿಂಟ್ ಪ್ರೊದ್ದು ಇನ್ನೊಂದು, ತೆಳ್ಳಗಿನ ಪಿಸ್ತೂಲುಗಳಿಗಾಗಿ ಬಂದ ಶೀಲ್ಡ್ ಆರ್‌ಎಂಎಸ್‌ಸಿಯದು ಮತ್ತೊಂದು, ಏಮ್‌ಪಾಯಿಂಟ್ ಆಕ್ರೊದ್ದು ಮಗದೊಂದು. ಎಲ್ಲವನ್ನೂ ಒಂದೇ ಸ್ಲೈಡಿನಲ್ಲಿ ಕೂರಿಸುವ ಸಲುವಾಗಿ ಗ್ಲಾಕ್ 2015ರಲ್ಲಿ ಎಂಒಎಸ್ ಹೆಸರಿನಲ್ಲಿ ಅಡಾಪ್ಟರ್ ಪ್ಲೇಟುಗಳ ವ್ಯವಸ್ಥೆಯನ್ನು ತಂದಿತು. ಸ್ಮಿತ್ ಅಂಡ್ ವೆಸನ್ ಅದಕ್ಕೂ ಮೊದಲೇ ತನ್ನ ಕೋರ್ ಮಾದರಿಗಳಲ್ಲಿ ಪ್ಲೇಟುಗಳನ್ನು ಕೊಟ್ಟಿತ್ತು. ಪ್ಲೇಟಿನಿಂದ ಆಯ್ಕೆಯ ಸ್ವಾತಂತ್ರ್ಯ ಸಿಗುತ್ತದೆ, ಆದರೆ ಒಂದು ಜೋಡಣೆಯ ಜಾಗದಲ್ಲಿ ಎರಡು ಜೋಡಣೆಗಳಾಗುತ್ತವೆ. ಸ್ಲೈಡಿಗೆ ಪ್ಲೇಟು, ಪ್ಲೇಟಿಗೆ ಸೈಟು; ಎರಡಕ್ಕೂ ಬೇರೆ ಬೇರೆ ಸ್ಕ್ರೂಗಳು, ಅದರಲ್ಲೂ ಪ್ಲೇಟು ತೆಳುವಾಗಿರುವುದರಿಂದ ಸ್ಕ್ರೂ ಹಿಡಿಯುವ ಥ್ರೆಡ್ಡುಗಳು ಕೆಲವೇ ಸುತ್ತು. ಪಿಸ್ತೂಲಿನ ಜೊತೆ ಬಂದ ಪ್ಲೇಟನ್ನು ಬಿಟ್ಟು, ಬಿಗಿಯಾಗಿ ಕೂರುವಂತೆ ಉಕ್ಕಿನಲ್ಲಿ ಮಾಡಿದ ಬೇರೆ ಪ್ಲೇಟನ್ನು ಕೊಳ್ಳುವವರು ಅಷ್ಟು ಜನ ಇರುವುದು ಸುಮ್ಮನೆ ಅಲ್ಲ.

ಹಾಗಾದರೆ ಪ್ಲೇಟಿಲ್ಲದ ದಾರಿ ಯಾವುದು? ನಿರ್ದಿಷ್ಟ ಸೈಟೊಂದಕ್ಕೆ ಸರಿಯಾಗಿ ಸ್ಲೈಡನ್ನು ಗನ್‌ಸ್ಮಿತ್‌ನಿಂದ ಕೊರೆಸುವುದು ಎಲ್ಲಕ್ಕಿಂತ ಗಟ್ಟಿ. ಸೈಟು ತಗ್ಗಿನಲ್ಲಿ ಕೂರುತ್ತದೆ, ಅಲುಗಾಡುವುದಿಲ್ಲ. ಆದರೆ ಮುಂದೆ ಬೇರೆ ಫುಟ್‌ಪ್ರಿಂಟಿನ ಸೈಟು ಬೇಕೆನಿಸಿದರೆ ಆ ಬಾಗಿಲು ಬಹುತೇಕ ಮುಚ್ಚಿರುತ್ತದೆ. ಗ್ಲಾಕ್ 43 ಎಕ್ಸ್‌ನ ಎಂಒಎಸ್ ಮಾದರಿಯಲ್ಲಿ ಆರ್‌ಎಂಎಸ್‌ಸಿ ಬಗೆಯ ಸೈಟುಗಳು ಪ್ಲೇಟಿಲ್ಲದೆಯೇ ಸ್ಲೈಡಿನ ಮೇಲೆ ಕೂರುತ್ತವೆ. 2023ರಲ್ಲಿ ಬಂದ ಸ್ಪ್ರಿಂಗ್‌ಫೀಲ್ಡ್ ಎಷೆಲಾನ್ ಇನ್ನೊಂದು ಜಾಣ ಮಾರ್ಗವನ್ನು ಹಿಡಿಯಿತು: ಸ್ಲೈಡಿನೊಳಗೆ ಬೇಕಾದಂತೆ ಬದಲಿಸಬಹುದಾದ ಗೂಟಗಳನ್ನಿಟ್ಟು, ಹಲವು ಫುಟ್‌ಪ್ರಿಂಟ್‌ಗಳ ಸೈಟುಗಳನ್ನು ನೇರವಾಗಿ ಉಕ್ಕಿನ ಮೇಲೆ ಕೂರಿಸುವಂತೆ ಮಾಡಿತು. ಉಳಿದ ಕಂಪನಿಗಳೂ ಈ ದಾರಿಗೆ ಬರಬೇಕಿತ್ತು, ಬಹಳ ಹಿಂದೆಯೇ.

ಸ್ಕ್ರೂಗಳ ಉದ್ದದ ಬಗ್ಗೆ ಅಂಗಡಿಯಲ್ಲಿ ಯಾರೂ ಹೇಳದ ಸಂಗತಿಯೊಂದಿದೆ. ಗ್ಲಾಕ್ ಎಂಒಎಸ್ ಸ್ಲೈಡಿನಲ್ಲಿ ಖಾಲಿ ಕವಚ ಹೊರಬೀಳುವ ಬದಿಯ ಸ್ಕ್ರೂ ಸ್ವಲ್ಪ ಉದ್ದವಾದರೂ ಅದರ ಕೆಳಗೆ ಹಾದುಹೋಗುವ ಎಕ್ಸ್‌ಟ್ರಾಕ್ಟರಿನ (ಖಾಲಿ ಕವಚವನ್ನು ಹಿಡಿದೆಳೆಯುವ ಕೊಕ್ಕೆಯ) ಒತ್ತುಕಡ್ಡಿಗೆ ತಗಲುತ್ತದೆ. ಆಗ ಖಾಲಿ ಕವಚಗಳು ಸರಿಯಾಗಿ ಹೊರಬೀಳದೆ ಪಿಸ್ತೂಲು ಕಚ್ಚಿಕೊಳ್ಳಲು ಶುರುವಾಗುತ್ತದೆ, ಮಾಲೀಕರು ಮ್ಯಾಗಜೀನನ್ನೋ ತೋಟಾವನ್ನೋ ದೂರುತ್ತಾರೆ. ಆದ್ದರಿಂದ ಪ್ಲೇಟು ಮತ್ತು ಸೈಟಿನ ತಯಾರಕರು ಕೊಟ್ಟ ಸ್ಕ್ರೂಗಳನ್ನೇ ಬಳಸಬೇಕು, ಅವರು ಹೇಳಿದ ಟಾರ್ಕಿಗೆ (ಬಿಗಿತದ ಮಟ್ಟಕ್ಕೆ) ಅಳತೆಯ ಸ್ಕ್ರೂಡ್ರೈವರಿನಿಂದಲೇ ಬಿಗಿಮಾಡಬೇಕು, ಥ್ರೆಡ್ಡುಗಳ ಎಣ್ಣೆಯನ್ನು ಒರೆಸಿ ತಯಾರಕರು ಹೇಳಿದ ಥ್ರೆಡ್ ಲಾಕರನ್ನು (ಸ್ಕ್ರೂ ಸಡಿಲವಾಗದಂತೆ ತಡೆಯುವ ಅಂಟನ್ನು) ಹಚ್ಚಬೇಕು. ಸ್ಕ್ರೂ ತಲೆಯಿಂದ ಸೈಟಿನ ಮೈವರೆಗೆ ಬಣ್ಣದ ಗೆರೆಯೊಂದನ್ನು ಎಳೆದಿಟ್ಟರೆ, ಗೆರೆ ಮುರಿದ ದಿನವೇ ಸ್ಕ್ರೂ ತಿರುಗಿದೆಯೆಂದು ತಿಳಿಯುತ್ತದೆ.

ಇಷ್ಟೆಲ್ಲ ತಾಪತ್ರಯವಿದ್ದರೂ ರೆಡ್ ಡಾಟ್ ಏಕೆ ಬೇಕು ಎಂದು ಕೇಳಬಹುದು. ಐರನ್ ಸೈಟಿನಲ್ಲಿ, ಅಂದರೆ ಸ್ಲೈಡಿನ ಮೇಲಿರುವ ಬ್ಯಾಟರಿಯಿಲ್ಲದ ಮಾಮೂಲಿ ಸೈಟಿನಲ್ಲಿ, ಹಿಂದಿನ ಸೈಟು, ಮುಂದಿನ ಸೈಟು ಮತ್ತು ಗುರಿ ಎಂಬ ಮೂರನ್ನು ಒಂದೇ ಸಾಲಿಗೆ ತಂದು, ಕಣ್ಣಿನ ದೃಷ್ಟಿಯನ್ನು ಮುಂದಿನ ಸೈಟಿನ ಮೇಲೆ ನಿಲ್ಲಿಸಬೇಕು. ನಲವತ್ತು ದಾಟಿದವರಿಗೆ ತೋಳಿನಳತೆಯ ಆ ವಸ್ತುವೇ ಮಸುಕಾಗತೊಡಗುತ್ತದೆ. ರೆಡ್ ಡಾಟಿನಲ್ಲಿ ದೃಷ್ಟಿ ಗುರಿಯ ಮೇಲೆಯೇ ಇರುತ್ತದೆ, ಚುಕ್ಕೆ ಅದರ ಮೇಲೆ ಬಂದು ಕೂರುತ್ತದೆ. ಅಸ್ಟಿಗ್ಮ್ಯಾಟಿಸಂ ಎಂಬ ದೃಷ್ಟಿದೋಷ ಇರುವವರಿಗೆ ಮಾತ್ರ ಚುಕ್ಕೆಯು ಅಲ್ಪವಿರಾಮದಂತೆಯೋ ಚದುರಿದ ನಕ್ಷತ್ರದಂತೆಯೋ ಕಾಣಬಹುದು. ಅಂಗಡಿಯಲ್ಲೇ ಮೊಬೈಲಿನಿಂದ ಸೈಟಿನ ಮೂಲಕ ಒಂದು ಚಿತ್ರ ತೆಗೆದು ನೋಡಿ. ಚಿತ್ರದಲ್ಲಿ ಚುಕ್ಕೆ ದುಂಡಗಿದ್ದರೆ ದೋಷ ಸೈಟಿನದಲ್ಲ, ಕಣ್ಣಿನದು. ಅಂಥವರು ಹಸಿರು ಚುಕ್ಕೆಯ ಸೈಟನ್ನೂ ಒಮ್ಮೆ ನೋಡಬೇಕು, ಕೆಲವರಿಗೆ ಅದು ಸ್ಪಷ್ಟವಾಗಿ ಕಾಣುತ್ತದೆ.

ತೆರೆದ ಸೈಟೋ, ಮುಚ್ಚಿದ್ದೋ ಎಂಬ ಚರ್ಚೆಯಲ್ಲಿ ನಾನು ಮುಚ್ಚಿದ್ದರ ಪರ. ತೆರೆದ ಸೈಟಿನಲ್ಲಿ ಬೆಳಕು ಹೊರಡುವ ಬಿಂದುವಿಗೂ ಗಾಜಿಗೂ ನಡುವೆ ಮಳೆಹನಿಯೋ ಬಟ್ಟೆಯ ಎಳೆಯೋ ಸಿಕ್ಕಿಕೊಂಡರೆ ಚುಕ್ಕೆ ಕೆಡುತ್ತದೆ. ಏಮ್‌ಪಾಯಿಂಟ್ ಆಕ್ರೊ, ಹೋಲೋಸನ್ 509ಟಿ ಮೊದಲಾದವುಗಳಲ್ಲಿ ಆ ದಾರಿ ಎರಡು ಗಾಜುಗಳ ನಡುವೆ ಭದ್ರವಾಗಿರುತ್ತದೆ. ಬ್ಯಾಟರಿಯನ್ನು ಎಲ್ಲಿಂದ ಬದಲಿಸಬೇಕು ಎಂಬುದನ್ನೂ ಕೇಳಿಕೊಳ್ಳಿ: 2009ರಿಂದ ಇರುವ ಆರ್‌ಎಂಆರ್ ಮಾದರಿಯಲ್ಲಿ ಅದು ತಳದಲ್ಲಿರುವುದರಿಂದ ಸೈಟನ್ನು ಪೂರ್ತಿ ಬಿಚ್ಚಬೇಕಾಗುತ್ತದೆ, ಮತ್ತೆ ಕೂರಿಸಿದ ಮೇಲೆ ಗುರಿ ಸರಿಯಿದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಚುಕ್ಕೆ ಆರಿಹೋದರೆ ನೆರವಿಗೆ ಬರುವುದು ಐರನ್ ಸೈಟುಗಳೇ ಆದ್ದರಿಂದ ಅವು ಗಾಜಿನ ಕೆಳಭಾಗದಲ್ಲಿ ಕಾಣುವಷ್ಟು ಎತ್ತರವಿರಬೇಕು. ಪಿ365 ಎಕ್ಸ್‌ಎಲ್‌ನಂತಹ ಮಾದರಿಯಲ್ಲಿ ರೆಡ್ ಡಾಟ್ ಹಾಕಲು ಹಿಂದಿನ ಸೈಟಿರುವ ಪ್ಲೇಟನ್ನೇ ತೆಗೆಯಬೇಕಾಗುತ್ತದೆ. ನನ್ನ ಮಟ್ಟಿಗೆ ಇದು ದೊಡ್ಡ ಕೊರತೆ.

ಸುರಕ್ಷತೆಯ ವಿಷಯದಲ್ಲಿ ಹೆಸರನ್ನು ಮಾತ್ರ ನಂಬಬಾರದು ಎಂಬುದಕ್ಕೆ ಸಿಗ್ ಪಿ320 ಉದಾಹರಣೆ. 2017ರ ಜನವರಿಯಲ್ಲಿ ಅಮೆರಿಕದ ಸೇನೆ ಆರಿಸಿಕೊಂಡದ್ದು ಇದೇ ವಿನ್ಯಾಸವನ್ನು. ಅದೇ ವರ್ಷ, ಮಾರುಕಟ್ಟೆಯಲ್ಲಿದ್ದ ಪಿ320 ಕೆಲವು ಕೋನಗಳಲ್ಲಿ ಕೆಳಗೆ ಬಿದ್ದಾಗ ತಾನಾಗಿ ಗುಂಡು ಹಾರಿಸಬಲ್ಲದೆಂದು ಬಯಲಾಗಿ, ಕಂಪನಿಯು ಟ್ರಿಗರ್ ಭಾಗಗಳನ್ನು ಉಚಿತವಾಗಿ ಬದಲಿಸಿಕೊಡುವ ಯೋಜನೆಯನ್ನು ಪ್ರಕಟಿಸಬೇಕಾಯಿತು. ಯಾವ ಪಿಸ್ತೂಲನ್ನೇ ಆರಿಸಿದರೂ ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಟ್ರಿಗರನ್ನು ಪೂರ್ತಿ ಮುಚ್ಚುವಂತಿರಬೇಕು, ಸೈಟಿಗೆ ಜಾಗ ಬಿಟ್ಟಂತೆ ಕತ್ತರಿಸಿರಬೇಕು. ಮನೆಯ ತಿಜೋರಿಯ ಎತ್ತರವನ್ನೂ ಅಳೆದುಕೊಳ್ಳಿ, ಏಕೆಂದರೆ ರೆಡ್ ಡಾಟ್ ಸೇರಿದ ಪಿಸ್ತೂಲು ಕೆಲವು ಪುಟ್ಟ ಪೆಟ್ಟಿಗೆಗಳಲ್ಲಿ ಹಿಡಿಸುವುದಿಲ್ಲ. 17 ವರ್ಷದೊಳಗಿನವರ ಕೈಗೆ ತುಂಬಿದ ಬಂದೂಕು ಸಿಗುವಂತೆ ಬೇಜವಾಬ್ದಾರಿಯಿಂದ ಇಡುವುದು ಟೆಕ್ಸಾಸ್‌ನಲ್ಲಿ ಅಪರಾಧ.

ಇಷ್ಟಾದ ಮೇಲೂ ಒಂದು ಹೆಸರು ಹೇಳಿ ಎಂದರೆ, ಹೆಚ್ಚಿನವರಿಗೆ ಐದನೇ ಪೀಳಿಗೆಯ ಗ್ಲಾಕ್ 19 ಎಂಒಎಸ್ ಅಥವಾ ಎಂ ಅಂಡ್ ಪಿ 2.0 ಕಾಂಪ್ಯಾಕ್ಟಿನ ಆಪ್ಟಿಕ್ಸ್ ರೆಡಿ ಮಾದರಿ, ಇವೆರಡರಲ್ಲಿ ಕೈಗೆ ಒಗ್ಗುವುದನ್ನು ಹೇಳುತ್ತೇನೆ. ಅದರ ಜೊತೆಗೆ ಉಕ್ಕಿನ ಪ್ಲೇಟು ಮತ್ತು ಮುಚ್ಚಿದ ಬಗೆಯ ಸೈಟನ್ನು ಸೇರಿಸಿ. ಹೊಸಬರು ಸೈಟನ್ನು ಮೊದಲ ದಿನವೇ ಕೊಳ್ಳಬೇಕಾಗಿಲ್ಲ. ಐರನ್ ಸೈಟಿನಲ್ಲಿ ಹಿಡಿತವೂ ಟ್ರಿಗರ್ ಎಳೆತವೂ ಒಂದು ಹದಕ್ಕೆ ಬಂದವರು ಪಿಸ್ತೂಲನ್ನು ಪ್ರತಿ ಸಲವೂ ಕಣ್ಣಿನ ಮುಂದೆ ಒಂದೇ ಜಾಗಕ್ಕೆ ತರುತ್ತಾರೆ. ಅಂಥವರು ಗಾಜಿನೊಳಗೆ ಚುಕ್ಕೆಯನ್ನು ಹುಡುಕುತ್ತಾ ನಿಲ್ಲುವುದಿಲ್ಲ. ಆ ಹದಕ್ಕೆ ಬರುವವರೆಗೆ ಸೈಟಿನ ಹಣವನ್ನು ತರಬೇತುದಾರರಿಗೂ ತೋಟಾಗಳಿಗೂ ಖರ್ಚು ಮಾಡಿ. ಸೈಟು ಕೂರಿಸಿದ ಮೇಲೆ 25 ಗಜದಲ್ಲಿ ಗುರಿ ಹೊಂದಿಸಿಕೊಳ್ಳಿ. ಆ ದೂರದಲ್ಲಿ ಒಂದು ಎಂಒಎ (ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನ) ತಿದ್ದುಪಡಿಗೆ ಗುಂಡಿನ ಗುರುತು ಸುಮಾರು ಕಾಲು ಇಂಚು ಸರಿಯುತ್ತದೆ.