ಸುಂಕದ ಕೋಟೆಗೆ ಕಡಲೇ ಹೆಬ್ಬಾಗಿಲು

ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಗ್‌ನಿಂದ ಡೆನ್ಮಾರ್ಕಿನ ಹೆಲ್ಸಿಂಗೋರ್‌ಗೆ ಹಡಗಿನಲ್ಲಿ ಇಪ್ಪತ್ತು ನಿಮಿಷಗಳ ದಾರಿ. ಓರೆಸುಂಡ್ ಜಲಸಂಧಿ ಅಲ್ಲಿ ಸುಮಾರು 4 ಕಿಲೋಮೀಟರಿನಷ್ಟು ಕಿರಿದಾಗಿರುವುದರಿಂದ, ಬಂದರು ಬಿಟ್ಟ ಸ್ವಲ್ಪ ಹೊತ್ತಿಗೆಲ್ಲ ಬಲಗಡೆಯಲ್ಲಿ ಕ್ರೋನ್‌ಬೋರ್ಗ್ ಕೋಟೆಯ ಹಸಿರುಗಟ್ಟಿದ ತಾಮ್ರದ ಚಾವಣಿಯೂ ಗೋಪುರಗಳೂ ಸ್ಪಷ್ಟವಾಗುತ್ತಾ ಬರುತ್ತವೆ. ಆ ದಾರಿಯಲ್ಲಿ ಹಲವು ಬಾರಿ ಓಡಾಡಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಈ ಕೋಟೆಯ ಚಿತ್ರವನ್ನು ಹಡಗಿನಿಂದಲೇ ತೆಗೆಯಬೇಕು, ಮತ್ತು ಆ ಚಿತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ನೀರಿಗೇ ಸಲ್ಲಬೇಕು.

ಷೇಕ್ಸ್‌ಪಿಯರ್ ತನ್ನ ಹ್ಯಾಮ್ಲೆಟ್ ನಾಟಕವನ್ನು ಈ ಊರಿನಲ್ಲಿ ನಡೆಯಿಸಿದನೆಂಬ ಕಾರಣಕ್ಕೆ ಬರುವವರೇ ಹೆಚ್ಚು. ಆದರೆ ಕ್ರೋನ್‌ಬೋರ್ಗ್ ಮೂಲತಃ ಒಂದು ಸುಂಕದ ಕಟ್ಟೆ. 1420ರ ದಶಕದಲ್ಲಿ ಡೆನ್ಮಾರ್ಕಿನ ದೊರೆ ಪೊಮೆರೇನಿಯದ ಎರಿಕ್ ಆರಂಭಿಸಿದ ಸುಂಕವನ್ನು ಈ ಜಲಸಂಧಿಯಲ್ಲಿ ಹಾದುಹೋಗುವ ಹಡಗುಗಳು 1857ರವರೆಗೂ ತೆರುತ್ತಲೇ ಇದ್ದವು. 1658ರವರೆಗೆ ಎರಡೂ ದಡಗಳು ಡೆನ್ಮಾರ್ಕಿನ ಕೈಯಲ್ಲೇ ಇದ್ದುದರಿಂದ ತಪ್ಪಿಸಿಕೊಂಡು ಹೋಗುವುದು ಸುಲಭವಿರಲಿಲ್ಲ. ಮುಂದೆ ಸರಕಿನ ಬೆಲೆಯ ಮೇಲೆ ಸುಂಕ ಹಾಕತೊಡಗಿದಾಗ, ಬೆಲೆಯನ್ನು ಹಡಗಿನ ಕಪ್ತಾನನೇ ಹೇಳಬೇಕಿತ್ತು. ಆದರೆ ಅವನು ಹೇಳಿದ ಬೆಲೆಗೇ ಆ ಸರಕನ್ನು ಕೊಂಡುಕೊಳ್ಳುವ ಹಕ್ಕು ದೊರೆಗಿತ್ತು. ಕಡಿಮೆ ಹೇಳಿದರೆ ಸರಕೇ ಹೋದೀತು, ಹೆಚ್ಚು ಹೇಳಿದರೆ ಸುಂಕ ಏರೀತು! ಇಷ್ಟು ಸರಳವಾದ, ಇಷ್ಟು ಬಿಗಿಯಾದ ಏರ್ಪಾಟನ್ನು ಬೇರೆಲ್ಲೂ ಓದಿದ ನೆನಪು ನನಗಿಲ್ಲ.

ಡೆನ್ಮಾರ್ಕಿನ ದೊರೆ ಎರಡನೆಯ ಫ್ರೆಡರಿಕ್ 1574ರಿಂದ 1585ರ ಅವಧಿಯಲ್ಲಿ ಹಳೆಯ ಕೋಟೆಯನ್ನು ಇಂದಿನ ಅರಮನೆಯ ರೂಪಕ್ಕೆ ತಂದನು. ಆ ವೈಭವವನ್ನು ಮೊದಲು ನೋಡಬೇಕಾದವನು ನೀರಿನ ಮೇಲೆ ಬರುವ ಕಪ್ತಾನನೇ ಎಂದು ನಾನು ನಂಬಿದ್ದೇನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ನಮ್ಮ ಗಾದೆ ಹಡಗಿನ ಕಟಕಟೆಯ ಬಳಿ ನಿಂತಾಗಲೆಲ್ಲ ನೆನಪಾಗುತ್ತದೆ. ಬಾಲ್ಟಿಕ್ ಸಮುದ್ರದ ಗಾಳಿಯಲ್ಲಿ ಬಳಲಿ ಬಂದ ನಾವಿಕನಿಗೆ ಈ ಗೋಪುರಗಳು ಹೇಗೆ ಕಂಡಿರಬಹುದು ಎಂಬುದು ಒಳಗಿನ ಅಂಗಳದಲ್ಲಿ ತೆಗೆದ ಚಿತ್ರಗಳಿಂದ ತಿಳಿಯುವುದಿಲ್ಲ.

ನಮ್ಮ ದೇಶಕ್ಕೂ ಈ ನೀರಿಗೂ ನಂಟಿದೆ. 1618ರಲ್ಲಿ ಕೋಪನ್‌ಹೇಗನ್ನಿನಿಂದ ಹೊರಟ ಡೇನಿಶ್ ನೌಕಾಧಿಕಾರಿ ಓವೆ ಗೆಡ್ಡೆಯ ಹಡಗುಗಳು ಈ ಇಕ್ಕಟ್ಟಿನಲ್ಲೇ ಉತ್ತರಕ್ಕೆ ಸಾಗಿ, 1620ರಲ್ಲಿ ತಮಿಳು ಕರಾವಳಿಯ ತರಂಗಂಬಾಡಿಯಲ್ಲಿ ಡೇನರ ನೆಲೆಗೆ ಕಾರಣವಾದವು. ಅಲ್ಲಿಯ ಡ್ಯಾನ್ಸ್‌ಬೋರ್ಗ್ ಕೋಟೆಯನ್ನು ನಾನು ಮರಳ ದಂಡೆಯಿಂದಷ್ಟೇ ನೋಡಿದ್ದೇನೆ. ಆ ನೋಟ ಅಪೂರ್ಣವೆಂದು ನನಗೆ ಅರ್ಥವಾದದ್ದು ಕ್ರೋನ್‌ಬೋರ್ಗನ್ನು ಕಡಲಿನಿಂದ ಕಂಡ ಮೇಲೆ.

ಹೋಗುವವರಿಗೆ ಒಂದೆರಡು ಮಾತು. ಸ್ವೀಡನ್ನಿನ ಕಡೆಯಿಂದ ಬೆಳಗಿನ ಹಡಗನ್ನೇ ಹಿಡಿಯಿರಿ. ಆಗ ಬಿಸಿಲು ಕೋಟೆಯ ಕಡಲ ಮುಖದ ಮೇಲೆ ಬೀಳುತ್ತದೆ, ಸಂಜೆಯಾದರೆ ಕೋಟೆ ಬರೀ ಕಪ್ಪು ಆಕೃತಿಯಾಗಿ ಉಳಿಯುತ್ತದೆ. ಗಾಜಿನ ಹಿಂದೆ ನಿಲ್ಲದೆ ಮೇಲಿನ ಡೆಕ್ಕಿಗೆ ಹೋಗಿ. ಮೊಣಕೈಯನ್ನು ಕಟಕಟೆಗೆ ಊರಬೇಡಿ, ಏಕೆಂದರೆ ಹಡಗಿನ ನಡುಕ ನೇರವಾಗಿ ಕ್ಯಾಮೆರಾಕ್ಕೆ ಇಳಿಯುತ್ತದೆ. ಜೂಮ್ ಮಾಡಿ ಕೋಟೆಯನ್ನೇ ಚೌಕಟ್ಟಿನ ತುಂಬ ತುಂಬಿಸುವ ಆಸೆಯನ್ನು ದಯವಿಟ್ಟು ಬಿಡಿ. ನೀರನ್ನು ಕತ್ತರಿಸಿ ತೆಗೆದರೆ ಅದು ಯೂರೋಪಿನ ಇನ್ನೊಂದು ಅರಮನೆಯಂತೆ ಮಾತ್ರ ಕಾಣುತ್ತದೆ.

ನನ್ನ ಬಳಿಯಿರುವ ಚಿತ್ರಗಳಲ್ಲಿ ನನಗೆ ಪ್ರಿಯವಾದದ್ದರಲ್ಲಿ ಕೋಟೆ ಹೆಬ್ಬೆರಳಿನಷ್ಟೇ ಇದೆ. ಅದರ ಮುಂದೆ ಸರಕು ಹಡಗೊಂದು ವೇಗ ತಗ್ಗಿಸದೆ ಉತ್ತರದ ಕಡೆಗೆ ಹೋಗುತ್ತಿದೆ.