ತೋಟದ ಮಕ್ಕಳ ಶಾಲೆಗೆ ಸ್ಮಾರ್ಟ್ ಕ್ಲಾಸ್ ಬೇಕೇ? ಪರ–ವಿರೋಧ

ಪರ
*ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ, ಪೊನ್ನಂಪೇಟೆ ತಾಲೂಕು*

ಬೇಕು. ಸ್ವಲ್ಪ ಅಲ್ಲ, ಪೂರ್ತಿ ಬೇಕು.

ನಮ್ಮಲ್ಲಿ ಏಳು ತರಗತಿಗೆ ಮೂವರು ಶಿಕ್ಷಕರು. ಒಬ್ಬರು ನಲಿಕಲಿ, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳ ಜೊತೆ ಇರುತ್ತಾರೆ. ಇನ್ನೊಬ್ಬರು ತರಬೇತಿಗೆ ಹೋದರೆ ಉಳಿದದ್ದೆಲ್ಲ ನನ್ನ ತಲೆ ಮೇಲೆ. ಅಂಥ ದಿನ ಆರನೇ ತರಗತಿಗೆ ವಿಜ್ಞಾನ ಯಾರು ಮಾಡಬೇಕು? ಒಳ್ಳೆಯ ವಿಡಿಯೊ ಪಾಠ ಇದ್ದರೆ ಮಕ್ಕಳು ಏನಾದರೂ ಕಲಿತು ಮನೆಗೆ ಹೋಗುತ್ತಾರೆ. ಇಲ್ಲದಿದ್ದರೆ ಸುಮ್ನೆ ಕಾಪಿ ಬರೆಯುತ್ತಾ ಕೂರುತ್ತಾರೆ. 2017ರಲ್ಲಿ ಶುರುವಾದ ಸರ್ಕಾರದ ಆನ್‌ಲೈನ್ ಪಾಠಗಳ ವೇದಿಕೆ ದೀಕ್ಷಾದಲ್ಲಿ ಕನ್ನಡದ ಪಾಠಗಳೂ ಇವೆ. ಪಠ್ಯಪುಸ್ತಕದಲ್ಲೇ ಕ್ಯೂಆರ್ ಕೋಡ್ ಇದೆ. ಇರುವುದನ್ನು ಬಳಸಬೇಕು ಅಲ್ವಾ?

ನಮ್ಮ ಮಕ್ಕಳಲ್ಲಿ ತುಂಬಾ ಜನ ಕಾಫಿ ತೋಟದ ಲೈನ್ ಮನೆಗಳಿಂದ, ಅಂದರೆ ಕಾರ್ಮಿಕರ ಸಾಲು ಮನೆಗಳಿಂದ ಬರುವವರು. ಈಚೆಗೆ ಅಸ್ಸಾಮಿನ ಕುಟುಂಬಗಳು ಜಾಸ್ತಿ. ಹೋದ ವರ್ಷ ನಾಲ್ಕನೇ ತರಗತಿಗೆ ಒಬ್ಬಳು ಹುಡುಗಿ ಸೇರಿದಳು. ಅವಳಿಗೆ ಕನ್ನಡ ಬರದು, ನಮಗೆ ಅವಳ ಮಾತು ಬರದು. ಬೆಂಚಿನ ತುದಿಯಲ್ಲಿ ಕೂತು ಚೀಲದ ಜಿಪ್ ಎಳೆಯುವುದು, ಮತ್ತೆ ಹಾಕುವುದು, ಇಷ್ಟೇ ಅವಳ ಕೆಲಸ. ಗೂಗಲ್ ಅನುವಾದಕ್ಕೆ 2022ರಲ್ಲೇ ಅಸ್ಸಾಮಿ ಸೇರಿದೆ. ನಾನು ಟ್ಯಾಬ್‌ನಲ್ಲಿ ‘ಊಟ ಆಯ್ತಾ?’ ಅಂತ ಬರೆದು ಅವಳ ಭಾಷೆಯಲ್ಲಿ ತೋರಿಸಿದೆ. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಜಿಪ್ ಬಿಟ್ಟಳು. ಇಲ್ಲ ಅಂತ ತಲೆಯಾಡಿಸಿದಳು. ಹಸಿದುಕೊಂಡೇ ಶಾಲೆಗೆ ಬರುತ್ತಿದ್ದಾಳೆ ಅಂತ ನಮಗೆ ಗೊತ್ತಾಗಿದ್ದು ಆವತ್ತು. ಆಮೇಲೆ ಇಯರ್‌ಫೋನ್ ಹಾಕಿಕೊಂಡು ಕನ್ನಡ ಪದ್ಯ ಕೇಳುವುದು ಅವಳಿಗೆ ರೂಢಿಯಾಯಿತು. ಈಗ ಹೊಸ ಮಕ್ಕಳ ಕೈ ಹಿಡಿದು ಕರೆದುಕೊಂಡು ಬಂದು, “ಮಿಸ್, ಇವನಿಗೆ ಹೊಟ್ಟೆ ನೋವಂತೆ” ಅನ್ನುವವಳು ಅವಳೇ. ಟ್ಯಾಬ್ ಇಲ್ಲದಿದ್ದರೆ ಆ ಮಗು ಕುಯ್ಲು ಮುಗಿಯುವ ಹೊತ್ತಿಗೆ ಶಾಲೆ ಬಿಡುತ್ತಿತ್ತು. ನನಗೆ ಅದರಲ್ಲಿ ಅನುಮಾನವೇ ಇಲ್ಲ.

ಮಳೆಗಾಲದಲ್ಲಿ ಕರೆಂಟ್ ಇರಲ್ಲ ಅನ್ನುತ್ತಾರೆ. ಕರೆಂಟ್ ಹೋಯಿತು ಅಂತ ಮನೆಯಲ್ಲಿ ಮಿಕ್ಸಿ ಎಸೆಯುತ್ತೇವಾ? ಮಡಿಕೇರಿಯ ದೊಡ್ಡ ಶಾಲೆಯ ಮಗುವಿಗೆ ಸಿಗುವುದು ಲೈನ್ ಮನೆಯ ಮಗುವಿಗೂ ಸಿಗಲಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಪ್ರತಿ ಸಲ ಇದನ್ನೇ ಕೇಳುತ್ತಿದ್ದೇನೆ, ಸಿಗುವವರೆಗೂ ಕೇಳುತ್ತೇನೆ.

ವಿರೋಧ
*ಪ್ರೌಢಶಾಲೆಯ ಮುಖ್ಯ ಶಿಕ್ಷಕ, ಸೋಮವಾರಪೇಟೆ ತಾಲೂಕು*

ವಿರೋಧದ ಕಡೆ ಬರೆಯಿರಿ ಅಂತ ಕೇಳಿದ್ದಾರೆ. ನಾನು ಪೂರ್ತಿ ವಿರೋಧಿಯಲ್ಲ. ಹೃದಯ ಹೇಗೆ ಬಡಿಯುತ್ತದೆ ಅನ್ನುವುದನ್ನು ಹತ್ತನೇ ತರಗತಿಗೆ ನಾನೂ ಪರದೆಯಲ್ಲೇ ತೋರಿಸುತ್ತೇನೆ. ಆದರೆ ಒಂದು ಮಾತು ಹೇಳಲೇಬೇಕು. ಯಂತ್ರ ಕೊಡುವವರು ಬರುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಹೋಗುತ್ತಾರೆ. ರಿಪೇರಿಗೆ ಯಾರೂ ಬರಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗೋಡೆಯೇ ಒದ್ದೆ. ದಾನವಾಗಿ ಬಂದ ಪ್ರೊಜೆಕ್ಟರ್‌ನ ಲೆನ್ಸಿಗೆ ಎರಡನೇ ಮಳೆಗಾಲದಲ್ಲೇ ಬೂಷ್ಟು ಹಿಡಿಯಿತು. ಮರ ಬಿದ್ದು ತಂತಿ ತುಂಡಾದರೆ ದಿನಗಟ್ಟಲೆ ಕತ್ತಲೆ. ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ? ರಿಪೇರಿ ಅಂದರೆ ಮೈಸೂರಿಗೆ ಕಳಿಸಬೇಕು. ಅದರ ದುಡ್ಡು ಯಾರು ಕೊಡುತ್ತಾರೆ? ಇದನ್ನು ಕೇಳಿದರೆ ಯಾರೂ ಉತ್ತರ ಕೊಡಲ್ಲ.

2020ರಲ್ಲಿ ಪಾಠ ಫೋನಿಗೆ ಬಂದಾಗ ನಮ್ಮ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. ವಿದ್ಯಾಗಮ ಅಂತ ಶಿಕ್ಷಕರೇ ಊರಿಗೆ ಹೋಗಿ ಜಗಲಿಯಲ್ಲಿ ಕೂತು ಪಾಠ ಮಾಡಿದ ಮೇಲೆಯೇ ಕಲಿಕೆ ಮತ್ತೆ ಶುರುವಾಗಿದ್ದು. ತಂತ್ರಜ್ಞಾನ ಮೇಷ್ಟ್ರಿಗೆ ನೆರವಾಗಬೇಕು, ಮೇಷ್ಟ್ರ ಜಾಗಕ್ಕೆ ಬರಬಾರದು ಅಂತ 2023ರ ಯುನೆಸ್ಕೋ ವರದಿಯೂ ಹೇಳಿದೆ. ಪರದೆ ಹಚ್ಚಿ ಮೇಷ್ಟ್ರು ಆಫೀಸಿನಲ್ಲಿ ಸ್ಯಾಟ್ಸ್‌ಗೆ, ಅಂದರೆ ಸರ್ಕಾರದ ಆನ್‌ಲೈನ್ ದಾಖಲೆಗೆ, ಮಕ್ಕಳ ವಿವರ ತುಂಬುತ್ತಾ ಕೂತರೆ ಅದನ್ನು ಪಾಠ ಅಂತ ನಾನು ಒಪ್ಪಲ್ಲ. ಭಾಷೆ ಬರದ ಮಕ್ಕಳಿಗೆ ಟ್ಯಾಬ್ ಬೇಕು ಅನ್ನುತ್ತಾರೆ. ಪಕ್ಕದಲ್ಲಿ ಒಬ್ಬ ಮಾತುಗಾರ ಹುಡುಗನನ್ನು ಕೂರಿಸಿ, ಸಾಕು.

ಮೊದಲು ಗಣಿತಕ್ಕೆ ಒಬ್ಬರು ಕಾಯಂ ಶಿಕ್ಷಕರನ್ನು ಕೊಡಲಿ. ಆ ಹುದ್ದೆ ಖಾಲಿ ಬಿದ್ದಿದೆ. ಅತಿಥಿ ಶಿಕ್ಷಕರೊಬ್ಬರು ದಿನಾ ಕುಶಾಲನಗರದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಾರೆ.